ಅಟ್ಟದಲ್ಲಿ ಹಳೇ ಸ್ಟಾಂಪ್ ಸಿಕ್ತಾ? ಮೊದಲು ಕತ್ತರಿ ಪಕ್ಕಕ್ಕಿಡಿ

ಹಳೇ ಮನೆ ಖಾಲಿ ಮಾಡೋವಾಗ ಅಟ್ಟದಿಂದ ಒಂದು ಟ್ರಂಕು ಇಳಿಯತ್ತೆ, ಅದ್ರೊಳಗೆ ತಾತನ ಕಾಗದಗಳ ಕಟ್ಟು, ಜೊತೆಗೆ ಚಿಕ್ಕಪ್ಪನೋ ಅತ್ತೆಯೋ ಸ್ಕೂಲಲ್ಲಿದ್ದಾಗ ಅಂಟಿಸಿದ್ದ ಸ್ಟಾಂಪ್ ಆಲ್ಬಮ್ಮು. ಆಮೇಲೆ ಎಲ್ರೂ ಕೇಳೋದು ಒಂದೇ ಪ್ರಶ್ನೆ, ಇದಕ್ಕೆ ಎಷ್ಟು ಸಿಗತ್ತೆ? ಮೊದಲೇ ಹೇಳಿಬಿಡ್ತೀನಿ, ನೂರಕ್ಕೆ ತೊಂಬತ್ತು ಸಲ ಏನೂ ಸಿಗಲ್ಲ. ವಾಟ್ಸಾಪಲ್ಲಿ ಓಡಾಡೋ "ಈ ಸ್ಟಾಂಪ್ ನಿಮ್ಮತ್ರ ಇದ್ರೆ ನೀವು ಲಕ್ಷಾಧಿಪತಿ" ವಿಡಿಯೋಗಳನ್ನ ನಂಬ್ಕೊಂಡು ಕನಸು ಕಾಣ್ಬೇಡಿ. ಆದ್ರೆ ಉಳಿದ ಹತ್ತು ಸಲ ಸಿಗಬಹುದಾಗಿದ್ದು ಕೂಡ ಸಿಗದೇ ಹೋಗೋದು ಯಾಕಂದ್ರೆ ಬೆಲೆ ಕೇಳೋ ಮುಂಚೇನೇ ಜನ ಅದನ್ನ ಹಾಳು ಮಾಡಿರ್ತಾರೆ. ಹಾಗಾಗಿ ಸ್ಟಾಂಪನ್ನ ಮುಟ್ಟೋದು, ಓದೋದು, ಇಡೋದು ಹೇಗೆ ಅಂತ ಇಲ್ಲಿ ಬರೀತಿದೀನಿ, ಮಾರೋದು ಆಮೇಲಿನ ಮಾತು.

ಮೊದಲ ದಿನ ಏನ್ ಮಾಡ್ಬಾರ್ದು ಅಂದ್ರೆ, ಕವರಿಂದ ಸ್ಟಾಂಪ್ ಕತ್ತರಿಸ್ಬೇಡಿ, ನೀರಿಗೆ ಹಾಕ್ಬೇಡಿ, ಹರಿದಿದ್ದಕ್ಕೆ ಸೆಲ್ಲೋಟೇಪ್ ಹಚ್ಬೇಡಿ (ಅದ್ರ ಹಳದಿ ಕಲೆ ಜನ್ಮದಲ್ಲಿ ಹೋಗಲ್ಲ), ಸುಕ್ಕು ತೆಗೀತೀನಿ ಅಂತ ಇಸ್ತ್ರಿ ಪೆಟ್ಟಿಗೆ ಇಡ್ಬೇಡಿ. ಹಳೇ ಮನೆಗಳಲ್ಲಿ ಕಾಗದಗಳನ್ನ ಕೊಕ್ಕೆ ತಂತಿಗೆ ಚುಚ್ಚಿ ನೇತು ಹಾಕ್ತಿದ್ರಲ್ಲ, ಅಂಥ ಕಟ್ಟು ಸಿಕ್ರೆ ಎಳೀದೆ ಒಂದೊಂದಾಗಿ ಮೇಲಕ್ಕೆತ್ತಿ ತೆಗೀರಿ. ಮಧ್ಯದಲ್ಲಿ ತೂತಿದ್ರೂ ಪರವಾಗಿಲ್ಲ, ಕಾಗದ ಪೂರ್ತಿ ಇರೋದು ಮುಖ್ಯ. ಮೂಲೆಗೆ ಅರಿಶಿನ ಹಚ್ಚಿದ ಮದುವೆ ಕಾಗದ, ಬುಕ್ ಪೋಸ್ಟಲ್ಲಿ ಬಂದ ಆಮಂತ್ರಣ, ಸ್ಟಾಂಪ್ ಹಚ್ಚದೆ ಕಳಿಸಿ ಈ ಕಡೆಯವರ ಹತ್ರ ಎರಡರಷ್ಟು ದುಡ್ಡು ವಸೂಲಿ ಮಾಡಿದ ಬೇರಿಂಗ್ ಕಾಗದ, ಇವ್ಯಾವ್ದನ್ನೂ ರದ್ದಿಗೆ ಹಾಕ್ಬೇಡಿ.

ಕವರ್ ಯಾಕೆ ಇಟ್ಕೋಬೇಕು ಅಂತೀರಾ? ಬರೀ ಸ್ಟಾಂಪು ಇದ್ರೆ ಅದು ಯಾವ ದೇಶದ್ದು, ಎಷ್ಟು ರೇಟಿಂದು ಅಷ್ಟೇ ಗೊತ್ತಾಗತ್ತೆ. ಕವರ್ ಸಮೇತ ಇದ್ರೆ ಎಲ್ಲಿಂದ ಎಲ್ಲಿಗೆ ಹೋಯ್ತು, ಎಷ್ಟು ದಿನ ತಗೊಳ್ತು, ಆಗ ಅಂಚೆ ದರ ಎಷ್ಟಿತ್ತು, ದಾರೀಲಿ ರೈಲು ಅಂಚೆಯವರು ಸೀಲು ಹೊಡೆದ್ರಾ, ಎಲ್ಲಾ ಅದ್ರ ಮೈಮೇಲೇ ಬರೆದಿರತ್ತೆ. ಒಂದು ಒಳ್ಳೇ ಉದಾಹರಣೆ ಅಂದ್ರೆ 1971. ಆ ವರ್ಷ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರು ಲಕ್ಷಗಟ್ಟಲೆ ಬಂದ್ರು, ಅವರ ಖರ್ಚಿಗೆ ಅಂತ ಸರ್ಕಾರ ನವೆಂಬರ್ 15ರಿಂದ ಟಪಾಲಿನ ಮೇಲೆ 5 ಪೈಸೆ ಹೆಚ್ಚುವರಿ ತೆರಿಗೆ ಹಾಕ್ತು. ಅದಕ್ಕೆ ಬೇಕಾದಷ್ಟು ಹೊಸ ಸ್ಟಾಂಪು ತಕ್ಷಣಕ್ಕೆ ಎಲ್ಲಿಂದ ಬರ್ಬೇಕು, ಹಾಗಾಗಿ ಚಾಲ್ತಿಲಿದ್ದ ಕುಟುಂಬ ಯೋಜನೆಯ 5 ಪೈಸೆ ಸ್ಟಾಂಪಿನ ಮೇಲೇನೇ "ರೆಫ್ಯೂಜಿ ರಿಲೀಫ್" ಅಂತ ಅಚ್ಚು ಹೊಡೆದ್ರು, ಅದೂ ಒಂದೇ ಕಡೆ ಅಲ್ಲ, ಬೇರೆ ಬೇರೆ ಊರುಗಳಲ್ಲಿ ಅಲ್ಲಲ್ಲೇ ಹೊಡೆದ್ರು, ಬೆಂಗಳೂರಲ್ಲೂ ಹೊಡೆದ್ರು. ಬಿಡಿ ಸ್ಟಾಂಪಿಗೆ ಅಂಥ ಬೆಲೆ ಏನಿಲ್ಲ. ಆದ್ರೆ ಆ ಲೋಕಲ್ ಅಚ್ಚು, ಅದೇ ಊರಿನ ಸೀಲು, ಆ ವಾರಗಳ ತಾರೀಖು ಮೂರೂ ಒಂದೇ ಕವರ್ ಮೇಲೆ ಇದ್ರೆ ಹುಡುಕ್ಕೊಂಡು ಬರೋರಿದ್ದಾರೆ. 1971ರ ಕೊನೆಯಿಂದ 1973ರ ಶುರುವರೆಗಿನ ಕಾಗದ ನಿಮ್ಮ ಕಟ್ಟಲ್ಲಿದ್ರೆ ಈ 5 ಪೈಸೆ ಇದ್ಯಾ ಅಂತ ಮೊದಲು ನೋಡಿ.

ಸೀಲಲ್ಲಿ ತಾರೀಖು ಅಳಿಸಿದ್ರೆ ಕಾಲ ಗೊತ್ತು ಮಾಡೋಕೆ ಸಣ್ಣ ಸಣ್ಣ ದಾರಿಗಳಿವೆ. ವಿಳಾಸದಲ್ಲೋ ಸೀಲಲ್ಲೋ ಪಿನ್ ಕೋಡ್ ಇದ್ರೆ ಅದು 1972 ಆಗಸ್ಟ್ 15ರ ಈಚಿನದು, ಯಾಕಂದ್ರೆ ಪಿನ್ ಶುರುವಾಗಿದ್ದೇ ಅವತ್ತು. "ನಯೇ ಪೈಸೆ" ಅಂತಿದ್ರೆ 1957ರ ಏಪ್ರಿಲ್‌ನಿಂದ 1964ರ ಆಸುಪಾಸು, ಆಣೆ ಇದ್ರೆ ಅದಕ್ಕೂ ಹಿಂದಿನದು. ಸ್ಟಾಂಪಲ್ಲಿ ರಾಜ ಇದ್ರೆ ಇನ್ನೂ ಸುಲಭ. ರಾಣಿ ಮುಖ ಇದ್ರೆ ವಿಕ್ಟೋರಿಯಾ, 1854ರಿಂದ 1901ರ ತನಕ. ಗಡ್ಡದ ರಾಜರು ಇಬ್ರು, 1902ರಿಂದ ಏಳನೇ ಎಡ್ವರ್ಡ್, 1911ರಿಂದ ಐದನೇ ಜಾರ್ಜ್. ಗಡ್ಡ ಬೋಳಿಸಿದ ರಾಜ ಇದ್ರೆ ಆರನೇ ಜಾರ್ಜ್, 1937ರಿಂದ ಈಚೆ. ಸ್ಟಾಂಪ್ ಮೇಲೆ ಕರೀ ಅಕ್ಷರದಲ್ಲಿ "ಸರ್ವಿಸ್" ಅಂತ ಹೊಡೆದಿದ್ರೆ ಅದು ಯಾರೋ ಹಾಳು ಮಾಡಿದ್ದಲ್ಲ, ಸರ್ಕಾರಿ ಕಚೇರಿ ಟಪಾಲಿಗೆ ಅಂತಾನೇ ಮಾಡಿದ್ದು. ಹಾಗೇ ಗ್ವಾಲಿಯರ್, ಪಟಿಯಾಲ, ಚಂಬಾ ಅಂತ ಹೊಡೆದಿದ್ರೆ ಆ ಸಂಸ್ಥಾನಗಳಲ್ಲಿ ಬಳಸೋಕೆ ಕೊಟ್ಟ ಬ್ರಿಟಿಷ್ ಇಂಡಿಯಾ ಸ್ಟಾಂಪು.

ಇಲ್ಲಿ ಮೈಸೂರಿನ ವಿಷ್ಯ ಬರತ್ತೆ. "ನಮ್ಮನೇಲಿ ಮೈಸೂರು ಮಹಾರಾಜರ ಕಾಲದ ಅಂಚೆ ಸ್ಟಾಂಪ್ ಇದೆ" ಅಂತ ತುಂಬಾ ಜನ ಹೇಳ್ತಾರೆ, ತೆಗೆದು ನೋಡಿದ್ರೆ ಅದು ಕೋರ್ಟ್ ಫೀ ಅಥವಾ ರೆವಿನ್ಯೂ ಸ್ಟಾಂಪ್ ಆಗಿರತ್ತೆ. ಮೈಸೂರಿಗೆ ಸ್ವಂತ ಅಂಚೆ ವ್ಯವಸ್ಥೆ ಇತ್ತು, 1672ರಲ್ಲಿ ಚಿಕ್ಕದೇವರಾಜ ಒಡೆಯರ್ ಶುರು ಮಾಡಿದ್ದು, ಬ್ರಿಟಿಷರ ಅಂಚೆಗಿಂತ ಎಷ್ಟೋ ಹಳೇದು. ಆದ್ರೆ 1889ರಲ್ಲಿ ಅದು ಬ್ರಿಟಿಷ್ ಇಂಡಿಯಾ ಅಂಚೆ ಜೊತೆ ಸೇರಿಹೋಯ್ತು, ಮೈಸೂರು ತನ್ನ ಹೆಸರಲ್ಲಿ ಅಂಚೆ ಚೀಟಿ ಹೊರಡಿಸ್ಲೇ ಇಲ್ಲ. ಹಾಗಂತ ಕೋರ್ಟ್ ಫೀ ಸ್ಟಾಂಪನ್ನ ಎಸೀಬೇಡಿ, ಅದನ್ನೇ ಸಂಗ್ರಹ ಮಾಡೋರೂ ಇದ್ದಾರೆ, ಮತ್ತೆ 1889ಕ್ಕೆ ಹಿಂದಿನ ಮೈಸೂರು ಅಂಚೆ ಮುದ್ರೆ ಇರೋ ಕಾಗದ ಸಿಕ್ರಂತೂ ಜೋಪಾನ. ರಾಯಚೂರು, ಕಲಬುರಗಿ, ಬೀದರ್ ಕಡೆಯವರ ಕಥೆ ಬೇರೆ. ಆಗ ಅವರದು ನಿಜಾಮರ ರಾಜ್ಯ, ಹೈದರಾಬಾದ್ 1869ರಿಂದ ತನ್ನದೇ ಸ್ಟಾಂಪ್ ಹೊರಡಿಸ್ತಿತ್ತು, ಆ ಕಡೆ ಮನೆಗಳ ಕಾಗದಗಳಲ್ಲಿ ನಿಜಾಮರ ಸ್ಟಾಂಪ್ ಸಿಗೋ ಚಾನ್ಸ್ ಜಾಸ್ತಿ.

ಇನ್ನು ಈ ಸ್ಟಾಂಪು ಅನ್ನೋದು ಬಂದಿದ್ದಾದ್ರೂ ಹೇಗೆ ಅಂತ ಸ್ವಲ್ಪ ಗೊತ್ತಿದ್ರೆ ಗುರುತು ಹಿಡಿಯೋದು ಸಲೀಸು. ಅದಕ್ಕೆ ಮುಂಚೆ ಇಂಗ್ಲೆಂಡಲ್ಲಿ ಕಾಗದದ ದುಡ್ಡನ್ನ ಸಾಮಾನ್ಯವಾಗಿ ತಗೊಳ್ಳೋರೇ ಕೊಡ್ಬೇಕಿತ್ತು, ಎಷ್ಟು ದೂರ, ಎಷ್ಟು ಹಾಳೆ ಅಂತ ಲೆಕ್ಕ ಹಾಕಿ. ರೋಲ್ಯಾಂಡ್ ಹಿಲ್ ಅನ್ನೋರು, ಕಳ್ಸೋರೇ ಮೊದಲು ಕೊಡ್ಲಿ, ಅರ್ಧ ಔನ್ಸ್ ತನಕ ದೇಶದಲ್ಲಿ ಎಲ್ಲಿಗಾದ್ರೂ ಒಂದೇ ಪೆನ್ನಿ ಇರ್ಲಿ ಅಂದ್ರು. ಹಾಗೆ 1840ರ ಮೇ 1ಕ್ಕೆ ಪೆನ್ನಿ ಬ್ಲ್ಯಾಕ್ ಅನ್ನೋ ಕಪ್ಪು ಸ್ಟಾಂಪು ಬಂತು, ಮೇ 6ರಿಂದ ಚಲಾವಣೆ. ಬೇರೆ ಯಾವ ದೇಶದಲ್ಲೂ ಸ್ಟಾಂಪೇ ಇಲ್ದಾಗ ದೇಶದ ಹೆಸರು ಯಾಕೆ ಬೇಕು, ರಾಣಿ ಮುಖ ಸಾಕಾಯ್ತು, ಇವತ್ತಿಗೂ ಬ್ರಿಟನ್ ಸ್ಟಾಂಪಲ್ಲಿ ದೇಶದ ಹೆಸರು ಹಾಕಲ್ಲ. ಕಪ್ಪು ಸ್ಟಾಂಪಿನ ಮೇಲೆ ಕೆಂಪು ಸೀಲು ಹೊಡೀತಿದ್ರು, ಜನ ಅದನ್ನ ಅಳಿಸಿ ಮತ್ತೆ ಬಳಸೋಕೆ ಶುರು ಮಾಡಿದ್ರು (ನಾವು ಸೀಲು ಬೀಳದ ಸ್ಟಾಂಪನ್ನ ಆವಿ ಹಿಡಿದು ಬಿಡಿಸ್ತಿದ್ವಲ್ಲ, ಅದೇ ಜಾತಿ), ಅದಕ್ಕೇ 1841ರಲ್ಲಿ ಸ್ಟಾಂಪನ್ನೇ ಕೆಂಪು ಮಾಡಿ ಸೀಲನ್ನ ಕಪ್ಪು ಮಾಡಿದ್ರು. ಸುತ್ತ ತೂತುಗಳೂ ಇರ್ಲಿಲ್ಲ, ಹಾಳೆಯಿಂದ ಕತ್ತರೀಲಿ ಕತ್ತರಿಸಿ ಕೊಡ್ತಿದ್ರು, ತೂತಿನ ಅಂಚು ಬಂದಿದ್ದು 1850ರ ದಶಕದಲ್ಲಿ.

ಇಷ್ಟಾದ್ರೂ ಪೆನ್ನಿ ಬ್ಲ್ಯಾಕ್ ಅಪರೂಪದ ಸ್ಟಾಂಪ್ ಅಲ್ಲ ಗೊತ್ತಾ? ಸುಮಾರು 6.8 ಕೋಟಿ ಅಚ್ಚಾಗಿತ್ತು, ಇವತ್ತೂ ಮಾರ್ಕೆಟ್ಟಲ್ಲಿ ಬೇಕಾದಷ್ಟು ಸಿಗತ್ತೆ. ಹಳೇದಾದ್ರೆ ಬೆಲೆ ಜಾಸ್ತಿ ಅನ್ನೋ ಲೆಕ್ಕಾಚಾರ ಇಲ್ಲಿಗೇ ಮುಗೀತು. ಅದಕ್ಕಿಂತ 16 ವರ್ಷ ಚಿಕ್ಕದಾದ, 1856ರ ಬ್ರಿಟಿಷ್ ಗಯಾನಾದ ಒಂದು ಸೆಂಟ್ ಸ್ಟಾಂಪು, ನೋಡೋಕೆ ಮಾಸಿದ ಬಟ್ಟೆ ಚೂರಿನ ಥರ ಇರೋದು, 2014ರ ಹರಾಜಲ್ಲಿ ಸುಮಾರು 95 ಲಕ್ಷ ಡಾಲರ್‌ಗೆ ಹೋಯ್ತು. ಯಾಕಂದ್ರೆ ಜಗತ್ತಲ್ಲಿ ಅಂಥದ್ದು ಒಂದೇ ಇರೋದು. ಅದನ್ನ 1873ರಲ್ಲಿ 12 ವರ್ಷದ ಹುಡುಗ ಮನೆಯವರ ಹಳೇ ಕಾಗದಗಳಲ್ಲಿ ಹುಡುಕಿ ತೆಗೆದು, ಚೆನ್ನಾಗಿಲ್ಲ ಅಂತ 6 ಶಿಲ್ಲಿಂಗ್‌ಗೆ ಮಾರಿಬಿಟ್ಟಿದ್ದ.

ನಮ್ಮ ದೇಶದ್ದು ಶುರುವಾಗಿದ್ದು ಸಿಂಧ್‌ನಲ್ಲಿ. 1852ರ ಜುಲೈ 1ಕ್ಕೆ ಅಲ್ಲಿನ ಕಮಿಷನರ್ ಬಾರ್ಟಲ್ ಫ್ರೀಯರ್ "ಸಿಂಧ್ ಡಾಕ್" ಅನ್ನೋ ಅರ್ಧ ಆಣೆ ಸ್ಟಾಂಪ್ ತಂದ್ರು, ಏಷ್ಯಾದಲ್ಲೇ ಮೊದಲನೇದು. ಕೆಂಪು ಬಣ್ಣದ್ದು ಅರಗಿನ ಬಿಲ್ಲೆ ಥರ ಇದ್ದಿದ್ರಿಂದ ಪುಡಿ ಪುಡಿ ಆಗ್ತಿತ್ತು, ಉಳಿದಿರೋದು ತುಂಬಾ ಕಮ್ಮಿ. ಯಾರಾದ್ರೂ ಆನ್‌ಲೈನಲ್ಲಿ ಸಾವಿರ ರೂಪಾಯಿಗೆ ಸಿಂಧ್ ಡಾಕ್ ಕೊಡ್ತೀನಿ ಅಂದ್ರೆ ಅದು ನಕಲಿ, ವಿಚಾರಿಸೋದೇ ಬೇಡ. ಇಡೀ ದೇಶಕ್ಕೆ ಸ್ಟಾಂಪ್ ಬಂದಿದ್ದು 1854ರ ಅಕ್ಟೋಬರ್ 1ಕ್ಕೆ, ಕಾಲು ತೊಲ ತೂಕದ ಕಾಗದ ಎಷ್ಟು ದೂರ ಹೋದ್ರೂ ಅರ್ಧ ಆಣೆ. ಆ ಸರಣಿಯ ನಾಲ್ಕು ಆಣೆದು ಎರಡು ಬಣ್ಣದ್ದು, ಎರಡು ಸಲ ಅಚ್ಚು ಹಾಕ್ಬೇಕಿತ್ತು, ಹಾಳೆ ಉಲ್ಟಾ ಹಾಕಿದ್ದಕ್ಕೆ ಕೆಲವದ್ರಲ್ಲಿ ರಾಣಿ ತಲೆಕೆಳಗಾಗಿ ಬಿದ್ಲು. ಆಮೇಲೆ ದಶಕಗಟ್ಟಲೆ ನಮ್ಮ ಸ್ಟಾಂಪುಗಳು ಲಂಡನ್ನಿನ ಡಿ ಲಾ ರೂ ಕಂಪನೀಲಿ ಅಚ್ಚಾಗಿ ಹಡಗಲ್ಲಿ ಬರ್ತಿದ್ವು, ನಾಸಿಕ್‌ನಲ್ಲಿ ಅಚ್ಚು ಶುರುವಾಗಿದ್ದು 1920ರ ದಶಕದ ಮಧ್ಯದಲ್ಲಿ.

ಸ್ವತಂತ್ರ ಭಾರತದ ಮೊದಲ ಸ್ಟಾಂಪು 1947ರ ನವೆಂಬರ್ 21ರ ಮೂರೂವರೆ ಆಣೆಯದು, ಬಾವುಟದ ಚಿತ್ರ, ಜೈಹಿಂದ್ ಅಂತ ಬರಹ. 1948ರ ಆಗಸ್ಟ್ 15ಕ್ಕೆ ಗಾಂಧೀಜಿಯ ನಾಲ್ಕು ಸ್ಟಾಂಪು ಬಂತು, ಅಚ್ಚಾಗಿದ್ದು ಸ್ವಿಟ್ಜರ್ಲೆಂಡಲ್ಲಿ. ಅದ್ರಲ್ಲಿ 10 ರೂಪಾಯಿಯದ್ದು ಒಳ್ಳೇ ಸ್ಥಿತೀಲಿದ್ರೆ ಚೆನ್ನಾಗೇ ಬೆಲೆ ಬಾಳತ್ತೆ. ಅದ್ರ ಮೇಲೆ "ಸರ್ವಿಸ್" ಅಂತ ಹೊಡೆದಿದ್ದು ಗವರ್ನರ್ ಜನರಲ್ ಕಚೇರಿಗೆ ಅಂತ ಮಾಡಿದ ಕೆಲವೇ ಸೆಟ್ಟು, ಜಗತ್ತಿನ ಹರಾಜುಗಳಲ್ಲಿ ಸದ್ದು ಮಾಡೋದು ಅದೇ. ಅದಕ್ಕೇ ನಕಲಿ ಸರ್ವಿಸ್ ಅಚ್ಚು ಹೊಡೆಯೋರೂ ಇದ್ದಾರೆ, ಎಕ್ಸ್‌ಪರ್ಟ್ ಸರ್ಟಿಫಿಕೇಟ್ ಇಲ್ದೆ ಅಂಥದಕ್ಕೆ ಕೈ ಹಾಕ್ಬೇಡಿ.

ಈಗ ಚಿಕ್ಕಪ್ಪನ ಆಲ್ಬಮ್ಮಿಗೆ ಬರೋಣ. ಎಪ್ಪತ್ತು ಎಂಬತ್ತರ ದಶಕದ ಆಲ್ಬಮ್ ಆದ್ರೆ ತೆಗೆದ ತಕ್ಷಣ ರಾಕೆಟ್ಟು, ಚಿಟ್ಟೆ, ಯುರೋಪಿನ ಪೇಂಟಿಂಗು ಇರೋ ದೊಡ್ಡ ದೊಡ್ಡ ಬಣ್ಣದ ಸ್ಟಾಂಪುಗಳು ಕಾಣತ್ವೆ, ಅಜ್ಮಾನ್, ಫುಜೈರಾ, ಮನಾಮ, ಉಮ್ ಅಲ್ ಕುವೈನ್ ಅಂತ ಹೆಸರು. ಆಗ ಈ ಪುಟ್ಟ ಅರಬ್ ಶೇಖರ ರಾಜ್ಯಗಳ ಹೆಸರಲ್ಲಿ ಏಜೆಂಟರು ಸಂಗ್ರಹಕಾರರಿಗೇ ಅಂತ ರಾಶಿ ರಾಶಿ ಅಚ್ಚು ಹಾಕಿ, ಒಂದು ಮೂಲೆಗೆ ಅಂದವಾಗಿ ಸೀಲನ್ನೂ ಪ್ರೆಸ್ಸಲ್ಲೇ ಹೊಡೆದು ಪ್ಯಾಕೆಟ್ ಮಾಡಿ ಮಾರ್ತಿದ್ರು. ಟಪಾಲಿನ ಮುಖ ನೋಡಿರೋದೇ ಅನುಮಾನ. ಬೆಲೆ ಇಲ್ಲ, ಚಂದ ಇವೆ, ಮಕ್ಕಳಿಗೆ ಕೊಡಿ. ಉಳಿದದ್ರಲ್ಲಿ ಹೆಸರು ಗೊತ್ತಾಗದೆ ಒದ್ದಾಡೋ ದೇಶಗಳು ಹೀಗೆ: ಹೆಲ್ವೇಶಿಯಾ ಅಂದ್ರೆ ಸ್ವಿಟ್ಜರ್ಲೆಂಡು, ಮಾಗ್ಯಾರ್ ಅಂದ್ರೆ ಹಂಗೇರಿ, ಸುವೋಮಿ ಅಂದ್ರೆ ಫಿನ್ಲೆಂಡು, ಸ್ವೆರಿಯೆ ಸ್ವೀಡನ್ನು, ನೋರ್ಗೆ ನಾರ್ವೆ, ನಿಪ್ಪಾನ್ ಜಪಾನು, ಪೋಲ್ಸ್ಕಾ ಪೋಲೆಂಡು, ಹೆಲ್ಲಾಸ್ ಗ್ರೀಸು, ಶ್ಕಿಪೇರಿಯಾ ಅಲ್ಬೇನಿಯಾ. ಸಿಸಿಸಿಪಿ ಅಂತ ಓದ್ಕೊಳ್ಳೋ ಹಾಗಿರೋದು ಸೋವಿಯತ್ ರಷ್ಯಾದ್ದು.

ಪುಟಕ್ಕೆ ಅಂಟಿರೋದನ್ನ ಎಳೀಬೇಡಿ. ಅನ್ನದ ಅಗುಳಲ್ಲೋ ಗೋಂದಲ್ಲೋ ಅಂಟಿಸಿದ್ದಿದ್ರೆ, ಮತ್ತೆ ಅದು ಸೀಲು ಬಿದ್ದ ಬಳಸಿದ ಸ್ಟಾಂಪೇ ಆಗಿದ್ರೆ ಮಾತ್ರ ನೀರಿಗೆ ಹಾಕಬಹುದು. ಸೀಲಿಲ್ಲದ, ಹಿಂದೆ ಗಮ್ ಇರೋ ಹೊಸ ಸ್ಟಾಂಪನ್ನ ನೀರಿಗೆ ಹಾಕಿದ್ರೆ ಗಮ್ ಹೋಗತ್ತೆ, ಗಮ್ ಜೊತೆ ಬೆಲೆಯ ದೊಡ್ಡ ಭಾಗ ಹೋಗತ್ತೆ. ಅಂಥವು ಅಂಟ್ಕೊಂಡಿದ್ರೆ ಮುಚ್ಚಳ ಇರೋ ಡಬ್ಬಿ ತಳಕ್ಕೆ ಒದ್ದೆ ಬಟ್ಟೆ ಹಾಕಿ, ಮೇಲೆ ಜಾಲರಿ ಇಟ್ಟು, ನೀರು ತಾಗದ ಹಾಗೆ ಸ್ಟಾಂಪಿಟ್ಟು ಮುಚ್ಚಿ, ಕೆಲವು ಗಂಟೆ ತೇವದ ಗಾಳಿಗೇ ಗಮ್ ಸಡಿಲ ಆಗತ್ತೆ, ನಡುನಡುವೆ ತೆಗೆದು ನೋಡ್ತಿರಿ.

ಬಳಸಿದ ಸ್ಟಾಂಪು ಬಿಡಿಸೋದು ಹೀಗೆ. ಕವರಿಗೆ ಬೆಲೆ ಇಲ್ಲ ಅಂತ ಖಾತ್ರಿ ಆದ್ಮೇಲೆ ಸ್ಟಾಂಪಿನ ಸುತ್ತ ಒಂದು ಬೆರಳಷ್ಟು ಪೇಪರ್ ಬಿಟ್ಟು ಕತ್ತರಿಸಿ. ಅಗಲ ಪಾತ್ರೇಲಿ ಉಗುರು ಬೆಚ್ಚಗಿಂತ ಕಮ್ಮಿ ಬಿಸಿ ನೀರು ತಗೊಂಡು ಚಿತ್ರ ಮೇಲೆ ಬರೋ ಹಾಗೆ ತೇಲಿಬಿಡಿ, ಒಂದೇ ಸಲ ಗುಡ್ಡೆ ಹಾಕ್ಬೇಡಿ. ಕೆಂಪು, ಹಸಿರು ಕವರಿನ ಚೂರುಗಳನ್ನ ಬೇರೆ ನೀರಲ್ಲಿ ಒಂಟಿಯಾಗಿ ಹಾಕಿ, ಇಲ್ಲಾಂದ್ರೆ ಆ ಬಣ್ಣ ಬಿಟ್ಟು ಎಲ್ಲಾ ಸ್ಟಾಂಪಿಗೂ ಹೋಳಿ. ಹದಿನೈದು ಇಪ್ಪತ್ತು ನಿಮಿಷಕ್ಕೆ ಪೇಪರ್ ತಾನಾಗೇ ಜಾರತ್ತೆ, ಜಾರಿಲ್ಲ ಅಂದ್ರೆ ಇನ್ನೂ ಬಿಡಿ, ಉಗುರು ಹಾಕ್ಬೇಡಿ. ಹಿಂಬದಿಯ ಅಂಟು ಪೂರ್ತಿ ಹೋಗೋ ಹಾಗೆ ಇನ್ನೊಂದ್ಸಲ ಚೊಕ್ಕ ನೀರಲ್ಲಿ ಅದ್ದಿ, ಬ್ಲಾಟಿಂಗ್ ಪೇಪರ್ ಮೇಲೆ ಬೋರಲು ಹಾಕಿ ನೆರಳಲ್ಲಿ ಒಣಗಿಸಿ. ನ್ಯೂಸ್ ಪೇಪರ್ ಬೇಡ, ಅದ್ರ ಇಂಕು ಹತ್ತತ್ತೆ. ಒಣಗಿ ಮುದುಡಿದ್ಮೇಲೆ ದಪ್ಪ ಪುಸ್ತಕದೊಳಗೆ ಒಂದು ರಾತ್ರಿ. ವಿದೇಶದ ಈಚಿನ ಸ್ಟಿಕರ್ ಥರದ ಸ್ಟಾಂಪುಗಳು ಎಷ್ಟೋ ನೀರಲ್ಲಿ ಬಿಡಲ್ಲ, ಅವನ್ನ ಪೇಪರ್ ಸಮೇತ ಅಂದವಾಗಿ ಕತ್ತರಿಸಿ ಹಾಗೇ ಇಟ್ಕೊಳ್ಳಿ.

ಇಡೋದಕ್ಕೆ ಸ್ಟಾಕ್ ಬುಕ್ ತಗೊಳ್ಳಿ, ಪುಟದಲ್ಲಿ ಪಾರದರ್ಶಕ ಪಟ್ಟಿ ಇರತ್ತೆ, ಸ್ಟಾಂಪನ್ನ ಅದ್ರೊಳಗೆ ಸಿಕ್ಕಿಸೋದು ಅಷ್ಟೇ, ಅಂಟಿಸೋ ಕೆಲ್ಸಾನೇ ಇಲ್ಲ. ಜೊತೆಗೆ ಚೂಪಿಲ್ಲದ ಚಪ್ಪಟೆ ತುದಿಯ ಚಿಮಟ ಬೇಕು, ಹುಬ್ಬು ಕೀಳೋದಲ್ಲ. ಬೆರಳಿನ ಎಣ್ಣೆ ಬೆವರು ಇವತ್ತು ಕಾಣಲ್ಲ, ವರ್ಷಗಳಾದ್ಮೇಲೆ ಕಂದು ಚುಕ್ಕೆಯಾಗಿ ಕಾಣತ್ತೆ. ಫೋಟೋ ಹಾಕೋ ಅಂಟು ಪುಟದ ಆಲ್ಬಮ್ ಬೇಡವೇ ಬೇಡ. ಮಂಗಳೂರು, ಉಡುಪಿ, ಕಾರವಾರ, ಮಡಿಕೇರಿ ಕಡೆ ಇರೋರು ಮಳೆಗಾಲದಲ್ಲಿ ಹುಷಾರು, ಸ್ಟಾಕ್ ಬುಕ್ಕನ್ನ ಮಲಗಿಸಿಡದೆ ನಿಲ್ಲಿಸಿಡಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಾಯಿಸಿ, ಗೋಡೆಗೆ ತಾಗಿರೋ ಬೀರು ಬೇಡ. ನುಸಿಗುಳಿಗೆ ಪುಟಗಳ ಮಧ್ಯೆ ಹಾಕ್ಬೇಡಿ.

ಹೊಸದಾಗಿ ಶುರು ಮಾಡೋರಿಗೆ ಒಂದು ಮಾತು. ಎಲ್ಲಾ ದೇಶದ್ದೂ ಸೇರಿಸೋಕೆ ಹೋದ್ರೆ ಮುಗಿಯಲ್ಲ, ಒಂದು ವಿಷ್ಯ ಹಿಡೀರಿ. ಕರ್ನಾಟಕದ್ದೇ ಹಿಡಿದ್ರೂ ಸಾಕಷ್ಟಿದೆ. 1949ರ ಪುರಾತನ ಸ್ಮಾರಕಗಳ ಸರಣೀಲಿ 6 ಆಣೆಗೆ ವಿಜಯಪುರದ ಗೋಲಗುಮ್ಮಟ ಇದೆ. 1960ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಅವರದು ಬಂತು, ಅವರು ಬದುಕಿರೋವಾಗ್ಲೇ, ಅದು ನಮ್ಮ ದೇಶದಲ್ಲಿ ಬಹಳ ಅಪರೂಪದ ಗೌರವ. ಪುರಂದರದಾಸರು 1964, ಬಸವಣ್ಣ 1967, ಟಿಪ್ಪು 1974, ಕಿತ್ತೂರು ಚೆನ್ನಮ್ಮ 1977, ಶ್ರವಣಬೆಳಗೊಳದ ಗೊಮ್ಮಟ 1981. ಇವೆಲ್ಲಾ ಡೀಲರ್ ಹತ್ರ ಹೆಚ್ಚು ಖರ್ಚಿಲ್ದೆ ಸಿಗತ್ತೆ. 2006ರಲ್ಲಿ ಗಂಧದ ವಾಸನೆಯ 15 ರೂಪಾಯಿ ಸ್ಟಾಂಪ್ ಬಂತು, ದೇಶದ ಮೊದಲ ಪರಿಮಳದ ಸ್ಟಾಂಪು, 2017ರಲ್ಲಿ ಕಾಫಿ ವಾಸನೇದು. ಇವನ್ನ ಬೇರೆ ಸ್ಟಾಂಪಿಗೆ ತಾಗದ ಹಾಗೆ ಪ್ರತ್ಯೇಕ ಇಡಿ.

ಹೊಸ ಸ್ಟಾಂಪು ಮುಖಬೆಲೆಗೇ ಬೇಕಂದ್ರೆ ಬೆಂಗಳೂರು ಜಿಪಿಒ ಅಥವಾ ದೊಡ್ಡ ಹೆಡ್ ಪೋಸ್ಟಾಫೀಸಿನ ಫಿಲಾಟೆಲಿ (ಸ್ಟಾಂಪ್ ಸಂಗ್ರಹ) ಕೌಂಟರಿಗೆ ಹೋಗಿ ಡೆಪಾಸಿಟ್ ಅಕೌಂಟ್ ತೆಗೀರಿ, ಕನಿಷ್ಠ 200 ರೂಪಾಯಿ ಇಟ್ರೆ ಸಾಕು, ಹೊಸದು ಬಂದಾಗೆಲ್ಲಾ ಅದ್ರಿಂದ ಕಳೆದು ನಿಮಗೆ ಕಳಿಸ್ತಾರೆ. ಆರರಿಂದ ಒಂಬತ್ತನೇ ಕ್ಲಾಸಿನ ಮಕ್ಕಳಿದ್ರೆ ಅವರ ಹೆಸರಲ್ಲೇ ತೆಗೀರಿ, ದೀನ್ ದಯಾಳ್ ಸ್ಪರ್ಶ್ ಅಂತ ಅಂಚೆ ಇಲಾಖೆಯ ಸ್ಕಾಲರ್‌ಶಿಪ್ ಇದೆ, ಕ್ವಿಜ್ಜು ಪ್ರಾಜೆಕ್ಟು ಪಾಸಾದ್ರೆ ವರ್ಷಕ್ಕೆ 6000 ರೂಪಾಯಿ. ಆದ್ರೆ ಮುಂದೆ ಬೆಲೆ ಬರತ್ತೆ ಅಂತ ಹೊಸ ಸ್ಟಾಂಪಿನ ಪೂರ್ತಿ ಹಾಳೆಗಳನ್ನ ಕೊಂಡು ಬೀರು ತುಂಬಿಸ್ಬೇಡಿ, ಎಲ್ರೂ ಅದನ್ನೇ ಮಾಡಿ ಇಟ್ಕೊಂಡಿದ್ದಾರೆ, ಕೊಳ್ಳೋರು ಯಾರು? ಎಂಬತ್ತರ ದಶಕದ ಹಾಳೆಗಳನ್ನ ಇವತ್ತೂ ಮುಖಬೆಲೆಗಿಂತ ಕಮ್ಮಿಗೆ ಮಾರೋರಿದ್ದಾರೆ.

ನಂಗೆ ಕೇಳಿದ್ರೆ ಈಗ ಶುರು ಮಾಡೋರು ಸೀಲಿನ ಹಿಂದೆ ಬೀಳೋದು ಒಳ್ಳೇದು. ಕೌಂಟರಲ್ಲಿ ಸ್ಟಾಂಪ್ ಬದಲು ಬಾರ್‌ಕೋಡ್ ಚೀಟಿ ಅಂಟಿಸ್ತಾರೆ, ರಿಜಿಸ್ಟರ್ಡ್ ಪೋಸ್ಟ್ ಕೂಡ 2025ರಲ್ಲಿ ಸ್ಪೀಡ್ ಪೋಸ್ಟ್ ಒಳಗೆ ಸೇರಿಹೋಯ್ತು, ನಿಜವಾಗಿ ಟಪಾಲಲ್ಲಿ ಓಡಾಡಿದ ಸ್ಟಾಂಪೇ ಕಮ್ಮಿ ಆಗ್ತಿದೆ. ಹಂಪಿ, ಬೇಲೂರು, ಜೋಗದಂಥ ಕಡೆ ಪೋಸ್ಟಾಫೀಸುಗಳಲ್ಲಿ ಆ ಜಾಗದ ಚಿತ್ರ ಇರೋ ಕಾಯಂ ಸೀಲು ಇರತ್ತೆ, ಬೇರೆ ದುಡ್ಡು ಕೊಡ್ಬೇಕಿಲ್ಲ. ಪ್ರವಾಸ ಹೋದಾಗ ಒಂದು ಪೋಸ್ಟ್ ಕಾರ್ಡಿಗೆ ಆ ಊರಿಗೆ ಸಂಬಂಧಪಟ್ಟ ಸ್ಟಾಂಪ್ ಹಚ್ಚಿ, ನಿಮ್ಮ ಮನೆ ವಿಳಾಸ ಬರೆದು, ಕೆಲಸದ ದಿನ ಬೆಳಗ್ಗೆ ಗಲಾಟೆ ಇಲ್ಲದ ಹೊತ್ತಲ್ಲಿ ಪೋಸ್ಟ್ ಮಾಸ್ಟರ್ ಹತ್ರ ಕೇಳಿ. ಎಷ್ಟೋ ಕಡೆ ಆ ಸೀಲು ಡ್ರಾಯರಿನ ತಳದಲ್ಲಿರತ್ತೆ, ಹುಡುಕೋಕೆ ಟೈಮ್ ಬೇಕು, ಸಿಡುಕ್ಬೇಡಿ. ಸಿಕ್ಕಿದ್ಮೇಲೆ ಒಂದ್ಸಲ ರದ್ದಿ ಪೇಪರ್ ಮೇಲೆ ಹೊಡೆದು ಇಂಕು ಸರಿಯಾಗಿದ್ಯಾ ನೋಡಿ ಸಾರ್ ಅಂತ ಹೇಳಿ, ಮತ್ತೆ ಸೀಲು ಅರ್ಧ ಸ್ಟಾಂಪ್ ಮೇಲೆ, ಅರ್ಧ ಕಾರ್ಡಿನ ಮೇಲೆ ಬೀಳ್ಲಿ ಅಂತ ಬೆರಳಿಟ್ಟು ತೋರಿಸಿ.